ದಕ್ಷಿಣಕ್ಕೆ ಬಾಗಿಲಿಟ್ಟ ಅಗ್ನಿಶಾಮಕ ಠಾಣೆ

ಲೋಬಾನದ ಹೊಗೆಗೆ ಒಂದು ಕೆಟ್ಟ ಚಾಳಿ ಇದೆ. ಮೂಗಿಗೆ ಬಡಿದದ್ದೇ ತಡ, ಮನುಷ್ಯರನ್ನು ಕೈಹಿಡಿದು ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಮೊನ್ನೆ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಪ್ಲೆಸೆಂಟನ್ನಿನಲ್ಲಿ ಮಗಳ ಹೊಸ ಮನೆಯ ಗೃಹಪ್ರವೇಶ. ಅವಳು ಸ್ಟೀಲಿನ ತಟ್ಟೆಯಲ್ಲಿ ಕೆಂಡ ಹಾಕಿ, ಮೇಲೆ ಲೋಬಾನ ಉದುರಿಸಿ, ಕೋಣೆ ಕೋಣೆಗೂ ತೋರಿಸುತ್ತಾ ಓಡಾಡುತ್ತಿದ್ದಳು. ಅಳಿಯ ಅವಳಿಗಿಂತ ಒಂದು ಕೋಣೆ ಮುಂದೆ ಸ್ಟೂಲು ಹಿಡಿದುಕೊಂಡು ಓಡಿ, ಸ್ಮೋಕ್ ಅಲಾರಮ್ಮುಗಳ ಬ್ಯಾಟರಿ ಕಿತ್ತುಹಾಕುತ್ತಿದ್ದ. ನಾನು ನಡುಮನೆಯಲ್ಲಿ ಪರ್ಸನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ. ಪರ್ಸಿನೊಳಗೆ ಒಂದು ನಿಂಬೆಹಣ್ಣಿತ್ತು.

ನಿಂಬೆಹಣ್ಣಿನ ವಿಷಯ ನಿಮಗೆ ಮಾತ್ರ ಹೇಳುತ್ತಿದ್ದೇನೆ. ಮನೆ ಕೊಳ್ಳುವ ಮುಂಚೆ ಮಗಳು ಫೋನು ಮಾಡಿ, "ಅಮ್ಮ, ಫ್ರೀಕ್ ಔಟ್ ಆಗಲ್ಲ ಅಂತ ಪ್ರಾಮಿಸ್ ಮಾಡು. ಇಟ್ಸ್ ಸೌತ್ ಫೇಸಿಂಗ್" ಎಂದಿದ್ದಳು. "ಅಯ್ಯೋ, ಅದಕ್ಕೇನಂತೆ? ನಾನೊಬ್ಬಳು ಆರ್ಕಿಟೆಕ್ಟು ಕಣೆ" ಎಂದು ದೊಡ್ಡದಾಗಿ ನಕ್ಕಿದ್ದೆ. ನಕ್ಕವಳು ಗೃಹಪ್ರವೇಶದ ದಿನ ಬೆಳಿಗ್ಗೆ ಫ್ರಿಜ್ಜು ತೆಗೆದು ಒಂದು ಒಳ್ಳೆಯ ಹಣ್ಣು ಆರಿಸಿ ಪರ್ಸಿಗೆ ಹಾಕಿಕೊಂಡೆ. ಯಾರೂ ನೋಡದಾಗ ಹೊಸ್ತಿಲ ಮೂಲೆಯಲ್ಲಿ ಇಟ್ಟುಬಿಟ್ಟರಾಯಿತು, ದಕ್ಷಿಣದ ಬಾಗಿಲಿಗೆ ಅಷ್ಟಾದರೂ ಕಾವಲಿರಲಿ ಅಂತ.

ಅಷ್ಟರಲ್ಲಿ ಲೋಬಾನದ ಹೊಗೆ ಬಂತು. ನಾನು ಅದೇ ಸೀಮೆಯ ಇನ್ನೊಂದು ಊರಿಗೆ, ಎಂಬತ್ತರ ದಶಕದ ಕ್ಯಾಂಪ್‌ಬೆಲ್ಲಿಗೆ ಹೋಗಿಬಿಟ್ಟೆ.

ಆಗ ನಾವು ಅಲ್ಲೊಂದು ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿದ್ದೆವು. ಈ ಮಗಳು ಕೈಗೂಸು. ಇವಳಿಗೂ ಮುಂಚಿನ ಕೂಸು ಉಳಿದಿರಲಿಲ್ಲ. ಹಾಗಾಗಿ ಇವಳನ್ನು ನಾನು ಹೆದರಿ ಹೆದರಿ ಹೆತ್ತೆ, ಹೆತ್ತ ಮೇಲೆ ಇನ್ನಷ್ಟು ಹೆದರಿದೆ. ತೊಟ್ಟಿಲಿಗೆ ಕಿವಿಯಿಟ್ಟು ಉಸಿರು ಕೇಳುವುದೇ ನನಗೊಂದು ಕೆಲಸವಾಗಿತ್ತು. ಬಾಣಂತನಕ್ಕೆ ಬಿಜಾಪುರದಿಂದ ದೊಡ್ಡವ್ವ ಬಂದಿದ್ದಳು, ನಮ್ಮವ್ವನ ಅಕ್ಕ. ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಪೆಟ್ಟಿಗೆ ತುಂಬ ಉಂಡಿ ಕಟ್ಟುವ ಅಂಟು, ಕೊಬ್ಬರಿ, ಉತ್ತತ್ತಿ, ಲೋಬಾನ. ಏರ್‌ಪೋರ್ಟಿನಲ್ಲಿ ಅವಳನ್ನು ಹೇಗೆ ಬಿಟ್ಟರೋ ದೇವರೇ ಬಲ್ಲ.

ಬಂದ ವಾರದಲ್ಲೇ ಅವಳು ನಮ್ಮ ಮನೆಗೆ ಫೈರ್ ಎಂಜಿನ್ ಕರೆಸಿದಳು. ಕೂಸಿಗೆ ನೀರು ಹಾಕಿ, ಬುಟ್ಟಿ ಬೋರಲು ಹಾಕಿ, ಅದರಡಿ ಲೋಬಾನದ ಕೆಂಡ ಇಟ್ಟು, ಮೇಲೆ ಕೂಸಿನ ಬಟ್ಟೆ ಹರವಿದ್ದಳು. ಬಿಜಾಪುರದ ಬಚ್ಚಲಲ್ಲಿ ಆ ಹೊಗೆ ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಇಲ್ಲಿ ಅದು ನೇರ ಅಲಾರಮ್ಮಿಗೆ ಹೋಯಿತು. ಕೆಳಗಿನ ಮನೆಯವರು ಫೋನು ಮಾಡಿದರು. ನೋಡುವಷ್ಟರಲ್ಲಿ ಶಿರಸ್ತ್ರಾಣ ಹಾಕಿದ ನಾಲ್ಕು ಜನ ಬಾಗಿಲಲ್ಲಿ. ನಾನು ನಾಚಿಕೆಯಿಂದ ನೆಲಕ್ಕಿಳಿದುಹೋದೆ. ದೊಡ್ಡವ್ವ ಕದಲಲಿಲ್ಲ. ಅವರಲ್ಲೊಬ್ಬ ಕೂಸನ್ನು ಕಂಡದ್ದೇ ಶಿರಸ್ತ್ರಾಣ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಪಿಸುದನಿಯಲ್ಲಿ ಮಾತಾಡತೊಡಗಿದ. ಅದು ದೊಡ್ಡವ್ವನಿಗೆ ಬಹಳ ಹಿಡಿಸಿತು. ಅಂಟಿನುಂಡಿ ತಿನ್ನದೆ ಒಬ್ಬರನ್ನೂ ಮೆಟ್ಟಿಲು ಇಳಿಯಲು ಬಿಡಲಿಲ್ಲ. ಬಾಣಂತಿಯ ಉಂಡೆಯನ್ನು ನಾಲ್ಕು ದಾಂಡಿಗರು ನಿಂತುಕೊಂಡು ತಿಂದದ್ದನ್ನು ಕ್ಯಾಂಪ್‌ಬೆಲ್ಲು ಮತ್ತೆ ಕಂಡಿರಲಾರದು.

ಅವರು ಹೋದ ಮೇಲೆ ದೊಡ್ಡವ್ವ ಕೇಳಿದಳು: "ಈ ಹುಡುಗ್ರ ಮನಿ ಎಲ್ಲದ?"

"ಸ್ಟೇಷನ್ನಿನ್ಯಾಗ ಮಲಗತಾರ ದೊಡ್ಡವ್ವ. ಅಲ್ಲೇ ಅಡಗಿ, ಅಲ್ಲೇ ಊಟ."

"ಹಂಗಾರ ಅದು ಮನೀನ ಆತಲ್ಲ" ಎಂದಳು. ಅಂದಿನಿಂದ ಅವಳ ಲೆಕ್ಕದಲ್ಲಿ ಫೈರ್ ಸ್ಟೇಷನ್ ಎಂದರೆ ಮನೆ.

ನಾನು ಆಗ ಕೆಲಸ ಮಾಡುತ್ತಿದ್ದುದು ಊರೊಳಗಿನ ಚಪ್ಪಲಿ ರಿಪೇರಿ ಅಂಗಡಿಯ ಮೇಲಿದ್ದ ಪುಟ್ಟ ಆರ್ಕಿಟೆಕ್ಟ್ ಆಫೀಸಿನಲ್ಲಿ. ಯಜಮಾನ ವಾಲ್ಟರ್ ನಿಧಾನಸ್ಥ. ಪೈಪು ಕಚ್ಚಿಕೊಂಡು ಒಂದು ಗೆರೆ ಎಳೆದು, ಅದನ್ನು ಅರ್ಧ ಗಂಟೆ ನೋಡುವ ಮನುಷ್ಯ. ಆ ವರ್ಷ ಅವನಿಗೆ ಸಿಯೆರಾ ಬೆಟ್ಟಗಳಾಚೆ, ನೆವಾಡಾದ ಮರುಭೂಮಿಯ ಒಂದು ಚಿಕ್ಕ ಊರಿನ ಅಗ್ನಿಶಾಮಕ ಠಾಣೆಯ ಕೆಲಸ ಸಿಕ್ಕಿತು. ವಾಲ್ಟರ್ ಹುಟ್ಟಿ ಬೆಳೆದದ್ದೆಲ್ಲ ಸ್ಯಾನ್ ಫ್ರಾನ್ಸಿಸ್ಕೋದ ಮಂಜಿನಲ್ಲಿ. ಅವನ ಪಾಲಿಗೆ ಸೂರ್ಯನೆಂದರೆ ಅಪರೂಪಕ್ಕೆ ಬರುವ ನೆಂಟ, ಬಂದಾಗ ಬಾಗಿಲು ಕಿಟಕಿ ತೆಗೆದು ಒಳಗೆ ಕರೆಯಬೇಕು. ಅವನ ಮೊದಲ ನಕ್ಷೆಯಲ್ಲಿ ಪಶ್ಚಿಮದ ಗೋಡೆಗೂ ಉದ್ದೋಉದ್ದ ಗಾಜು.

"ವಾಲ್ಟರ್, ಇದರೊಳಗೆ ಜನ ಬೇಯುತ್ತಾರೆ" ಎಂದೆ.

ಅವನು ಪೈಪು ತೆಗೆದು, "ಬಿಸಿಲು ನಿನಗೆ ಗೊತ್ತು. ಇದನ್ನು ನೀನೇ ಮಾಡು" ಎಂದ.

ಅದುವರೆಗೆ ನಾನು ಬೇರೆಯವರ ಕಟ್ಟಡಗಳ ಮೆಟ್ಟಿಲು, ಬಚ್ಚಲುಗಳನ್ನು ಬರೆದುಕೊಂಡಿದ್ದವಳು. ಪೂರ್ತಿ ಒಂದು ಕಟ್ಟಡ ನನ್ನದೆಂದು ಸಿಕ್ಕಿದ್ದು ಅದೇ ಮೊದಲು. ನೆಲಕ್ಕೆ ಕಾಲು ತಾಗದಷ್ಟು ಸಂತೋಷವಾಯಿತು. ಕೂಸು ಮಲಗಿದಾಗಲೆಲ್ಲ ಅಡಿಗೆಮನೆಯ ಮೇಜಿನ ಮೇಲೆ ಟ್ರೇಸಿಂಗ್ ಕಾಗದ ಹರಡಿ ಕೂರುತ್ತಿದ್ದೆ. ಮೊಣಕೈ ಉದ್ದದ ದಪ್ಪ ಗೋಡೆ, ಎತ್ತರದಲ್ಲಿ ಸಣ್ಣ ಬೆಳಕಿಂಡಿಗಳು, ಅಲ್ಲಿಯ ಮಣ್ಣಿನದೇ ಬಣ್ಣ, ಮುಂದೆ ಕೂರಲು ಒಂದು ಕಟ್ಟೆ. ನಿಜ ಹೇಳಬೇಕೆಂದರೆ ಬಿಜಾಪುರದ ನಮ್ಮ ಓಣಿಯ ಮನೆಯನ್ನೇ ಫೈರ್ ಎಂಜಿನ್ ಹಿಡಿಸುವಷ್ಟು ಹಿಗ್ಗಿಸಿದ್ದೆ. ಜಾಗದ ದಕ್ಷಿಣಕ್ಕೆ ಹೆದ್ದಾರಿಯಿತ್ತು. ಆದ್ದರಿಂದ ಗಾಡಿಗಳ ದೊಡ್ಡ ಬಾಗಿಲುಗಳೂ ದಕ್ಷಿಣಕ್ಕೇ.

ಮೆಂತ್ಯದ ಹಿಟ್ಟು ಹುರಿಯುತ್ತಿದ್ದ ದೊಡ್ಡವ್ವ ಸೌಟು ಹಿಡಿದೇ ಬಂದು ಕಾಗದದ ಮೇಲೆ ಬಗ್ಗಿದಳು. ನಕ್ಷೆ ಓದಲು ಬರದಿದ್ದರೂ ದಿಕ್ಕು ಕೇಳಲು ಬರುತ್ತಿತ್ತು.

"ಬಾಗ್ಲ ಯಾವ ಕಡಿಗೆ?"

"ದಕ್ಷಿಣಕ್ಕ."

"ಯಮನ ದಿಕ್ಕಿಗೇನು?" ಸೌಟು ನನ್ನ ಕಡೆ ತಿರುಗಿತು. "ಆ ಹುಡುಗ್ರು ಮಲಗೂ ಮನಿ ಇದು. ನೀನೂ ಒಂದು ಕೂಸಿನ ತಾಯಿ ಇದ್ದಿ, ನೆನಪಿರಲಿ."

ನಾನು ನಕ್ಕೆ. ಐದು ವರ್ಷ ಕಾಲೇಜಿನಲ್ಲಿ ಓದಿದವಳು ನಗದೆ ಇನ್ನೇನು ಮಾಡಬೇಕು? ಆದರೆ ಮಾರನೆಯ ದಿನ ಹೊಸ ಕಾಗದ ಹಾಸಿದಾಗ ಬಾಗಿಲುಗಳು ಪೂರ್ವಕ್ಕೆ ತಿರುಗಿದ್ದವು. ಕಾರಣಗಳಿಗೇನು ಬರ? ಬೆಳಗಿನ ಎಳೆಬಿಸಿಲು, ಪಶ್ಚಿಮದ ಧೂಳುಗಾಳಿಗೆ ಬೆನ್ನು, ಮಧ್ಯಾಹ್ನವಾದ ಮೇಲೆ ಅಂಗಳದ ತುಂಬ ಕಟ್ಟಡದ್ದೇ ನೆರಳು. ವಾಲ್ಟರ್ ತಲೆದೂಗಿದ. ಎಲ್ಲ ಕಾರಣಗಳೂ ನಿಜವಾದವೇ. ಆದರೆ ನನ್ನ ಕೈ ತಿರುಗಿದ್ದು ಅವುಗಳಿಗಾಗಿ ಅಲ್ಲ. ತೊಟ್ಟಿಲಲ್ಲಿ ಮಲಗಿದ್ದ ಕೂಸನ್ನು ನೋಡಿ ತಿರುಗಿತ್ತು.

ಜನವರಿಯಲ್ಲಿ ನಾನು ಜಾಗ ನೋಡಲು ಹೊರಟಾಗ ನಮ್ಮವರು ಒಂದು ದಿನ ರಜೆ ಹಾಕಿ ಕೂಸು ನೋಡಿಕೊಂಡರು. "ಡೆಸರ್ಟ್ ಅಂದ್ರೆ ಚಳಿ ಇರುತ್ತೆ ಕಣೆ, ಜಾಕೆಟ್ಟು ತಗೊಂಡ್ಹೋಗು" ಎಂದರು. ಬಿಜಾಪುರದವಳಿಗೆ ಬೆಂಗಳೂರಿನವರು ಮರುಭೂಮಿಯ ಪಾಠ ಹೇಳುವುದೇ? ಒಂದು ತೆಳು ಸ್ವೆಟರು ಹಾಕಿಕೊಂಡು ವಾಲ್ಟರನ ಕಾರು ಹತ್ತಿದೆ. ಬೆಟ್ಟ ದಾಟಿ ಕೆಳಗಿಳಿದು ಆ ಊರಿನಲ್ಲಿ ಕಾಲಿಟ್ಟಾಗ ಹಲ್ಲು ಕಟಕಟ ಕಡಿಯತೊಡಗಿತು. ಬೂದು ಬಣ್ಣದ ಕುರುಚಲು ಗಿಡಗಳ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ನನಗೆ ಬಿಸಿಲು ಗೊತ್ತಿತ್ತು, ಸರಿ. ಮರುಭೂಮಿ ಗೊತ್ತಿರಲಿಲ್ಲ. ಉಳಿದ ದಿನವನ್ನು ವಾಲ್ಟರನ ಕೋಟಿನೊಳಗೆ ಕಳೆದೆ. ತೋಳು ಮಂಡಿಯವರೆಗೆ ಇಳಿಬಿದ್ದಿತ್ತು.

ಊರಿನ ಫೈರ್ ಚೀಫು ಡೇಲ್ ಎಂಬ ಕುಳ್ಳ ಮನುಷ್ಯ. ಮಾತು ಕಡಿಮೆ. ನನ್ನ ನಕ್ಷೆಯನ್ನು ಗಾಡಿಯ ಬಾನೆಟ್ಟಿನ ಮೇಲೆ ಹರಡಿ ಬಹಳ ಹೊತ್ತು ನೋಡಿದ. "ಗೋಡೆ ಚೆನ್ನಾಗಿದೆ. ಆ ಕಟ್ಟೆಯಂತೂ ಬಹಳ ಚೆನ್ನಾಗಿದೆ" ಎಂದ. ಆಮೇಲೆ ಬೂಟಿನ ಹಿಮ್ಮಡಿಯಿಂದ ನೆಲದ ಮೇಲೆ ಒಂದು ಗೆರೆ ಎಳೆದ. ಅದು ನನ್ನ ಪೂರ್ವದ ಬಾಗಿಲಿನಿಂದ ಹೊರಬಂದು, ಬಲಕ್ಕೆ ಬಾಗಿ, ರಸ್ತೆ ಸೇರಿತು.

"ಹೊಟ್ಟೆ ತುಂಬ ನೀರು ತುಂಬಿಕೊಂಡ ಗಾಡಿ ಇಲ್ಲಿ ತಿರುಗಬೇಕು" ಎಂದ. "ಬೇಸಿಗೆಯಲ್ಲಿ ಪರವಾಗಿಲ್ಲ. ಚಳಿಗಾಲದಲ್ಲಿ ಮಧ್ಯಾಹ್ನವಾದರೆ ಈ ಅಂಗಳವೆಲ್ಲ ನಿನ್ನ ಕಟ್ಟಡದ ನೆರಳಲ್ಲಿ. ಅಂದರೆ ಮಂಜುಗಡ್ಡೆ. ನನ್ನ ಹುಡುಗರು ಜಾರುತ್ತಾರೆ, ಇಲ್ಲ ನಿಧಾನ ಮಾಡುತ್ತಾರೆ. ಅತ್ತ ಯಾರದೋ ಮನೆ ಉರಿಯುತ್ತಿರುತ್ತದೆ." ಹತ್ತಿರದಲ್ಲೇ ಇದ್ದ ಹಳೆಯ ಷೆಡ್ಡಿನ ಕಡೆ ಕೈ ತೋರಿಸಿದ. ಅದರ ದಕ್ಷಿಣದ ಮಗ್ಗುಲಲ್ಲಿ ನೆಲ ಒಣಗಿ ಬೆಚ್ಚಗಿತ್ತು, ಒಂದು ನಾಯಿ ಕಾಲು ಚಾಚಿ ಮಲಗಿತ್ತು. "ಅತ್ತ ಕಡೆ ಬಾಗಿಲಿಟ್ಟರೆ ನೇರ ರಸ್ತೆಗೇ ಹೋಗಬಹುದಲ್ಲ. ಯಾಕೆ ತಿರುಗಿಸಿದೆ?"

ನಾನು ಗಾಳಿ ಎಂದೆ. ಗಾಳಿಗೆ ಪಶ್ಚಿಮದಲ್ಲೊಂದು ಗೋಡೆ ಚಾಚಿದರೆ ಸಾಕಲ್ಲ ಎಂದ. ಬೇಸಿಗೆಯ ಬಿಸಿಲು ಎಂದೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಚಾವಣಿಯನ್ನು ಮುಂದಕ್ಕೆ ಚಾಚಿದರೆ ನೆರಳಾಗುತ್ತದಲ್ಲ ಎಂದು ವಾಲ್ಟರನೇ ಮೆತ್ತಗೆ ಹೇಳಿದ. ನನ್ನ ಹತ್ತಿರ ಇನ್ನು ಉಳಿದಿದ್ದುದು ಯಮ ಒಬ್ಬನೇ. ಅವನ ಹೆಸರನ್ನು ಬಾನೆಟ್ಟಿನ ಮೇಲೆ ಹೇಗೆ ಹರಡುವುದು? ಮುಂದಿನ ವಾರ ಊರಿನವರ ಸಭೆಯಿದೆ, ಅಷ್ಟರಲ್ಲಿ ಇದು ಸರಿಹೋಗದಿದ್ದರೆ ಅವರು ರೆಡಿಮೇಡ್ ತಗಡಿನ ಷೆಡ್ಡು ತರಿಸಿಬಿಡುತ್ತಾರೆ ಎಂದು ಡೇಲ್ ಹೇಳಿದ. ಅವನಿಗೂ ಅದು ಬೇಕಿರಲಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

ಮನೆಗೆ ಬಂದು ಎರಡು ದಿನ ಮೇಜಿನ ಮುಂದೆ ಕೂತೆ. ಏನು ಬರೆಯಬೇಕೆಂದು ಚೆನ್ನಾಗಿ ಗೊತ್ತು. ಬರೆಯಲಾಗುತ್ತಿಲ್ಲ. ಪೆನ್ಸಿಲು ದಕ್ಷಿಣಕ್ಕೆ ಹೋದಾಗಲೆಲ್ಲ ಮೊದಲಿನ ಕೂಸಿನ ಮುಖ ಬರುತ್ತಿತ್ತು. ಹೀಗೆಲ್ಲ ಹೆದರುವವಳು ನಾನಲ್ಲ ಎಂದು ಬೈದುಕೊಂಡೆ. ಬೈದುಕೊಂಡರೆ ಹೆದರಿಕೆ ಹೋಗುತ್ತದೆಯೇ, ನೀವೇ ಹೇಳಿ. ಕೊನೆಗೆ ಕೂಸಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದ ದೊಡ್ಡವ್ವನ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಮಂಜುಗಡ್ಡೆ, ಜಾರುವ ಗಾಡಿ, ತಗಡಿನ ಷೆಡ್ಡು, ಬಿಸಿಲಲ್ಲಿ ಮಲಗಿದ್ದ ನಾಯಿ.

ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೂಸಿನ ಕಾಲನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿ ಕೇಳಿದಳು:

"ಅವತ್ತು ಬಂದಿದ್ರಲ್ಲ ಆ ಹುಡುಗ್ರು, ಅವರ ಕೆಲಸ ಏನು?"

"ಬೆಂಕಿ ಆರಸೋದು."

"ಯಾಕ ಆರಸತಾರ?"

"ಒಳಗಿನ ಮಂದಿ ಸಾಯಬಾರದಂತ."

"ಹಂಗಾರ ಯಮನ ಕೂಡನ ಅವರ ಜಗಳ ಆತಲ್ಲ. ಜಗಳಕ್ಕ ಹೊಂಟವರು ಅವನ ಮಾರಿ ನೋಡಕೋತ ಹೋಗಬೇಕವ್ವ. ಬ್ಯಾರೆ ಬಾಗಲಿಂದ ಸುತ್ತ ಹಾಕಿ ಹೋದ್ರ, ಅಷ್ಟರಾಗ ಅವ ತನ್ನ ಕೆಲಸ ಮುಗಿಸಿರತಾನ." ಆಮೇಲೆ ಕೂಸನ್ನು ನನ್ನ ಮಡಿಲಿಗೆ ಹಾಕಿ, "ಅವ ಬರೂ ಹಂಗಿದ್ರ ಯಾವ ಬಾಗ್ಲ ಆದ್ರೂ ಬರತಾನ. ನಿನಗದು ಗೊತ್ತಿಲ್ಲೇನು? ಹೋಗು, ಬರಿ" ಎಂದಳು.

ನನಗೆ ಅಳು ಬಂತು. ಕೂಸನ್ನು ತಬ್ಬಿಕೊಂಡು ಚೆನ್ನಾಗಿ ಅತ್ತೆ. ಅತ್ತ ಮೇಲೆ ಹಗುರವಾಯಿತು. ಆ ಸಂಜೆಯೇ ಬಾಗಿಲುಗಳು ದಕ್ಷಿಣಕ್ಕೆ ಬಂದು ಕೂತವು. ಪಶ್ಚಿಮದಲ್ಲಿ ಒಂದು ಗೋಡೆ ಗಾಳಿಗೆ ಅಡ್ಡವಾಗಿ ಚಾಚಿಕೊಂಡಿತು, ಚಾವಣಿ ಹುಬ್ಬಿಗೆ ಕೈಯಿಟ್ಟವರ ಹಾಗೆ ಮುಂದೆ ಬಂತು, ಕಟ್ಟೆ ಅದರಡಿಗೆ ಸರಿಯಿತು. ಸಭೆಯಲ್ಲಿ ಯಾರೂ ತಗಡಿನ ಮಾತೆತ್ತಲಿಲ್ಲವಂತೆ.

ಠಾಣೆ ಮುಗಿದ ಮೇಲೆ ಒಂದು ಚಳಿಗಾಲದಲ್ಲಿ ನಾವೆಲ್ಲ ನೋಡಲು ಹೋದೆವು. ದೊಡ್ಡವ್ವ ಅಷ್ಟರಲ್ಲಿ ಬಿಜಾಪುರಕ್ಕೆ ವಾಪಸಾಗಿದ್ದಳು. ಅವಳು ನೋಡಲಿಲ್ಲವೆಂಬ ಕೊರಗು ಈಗಲೂ ಇದೆ. ಡೇಲ್ ಮತ್ತು ಅವನ ಹುಡುಗರು ಕಟ್ಟೆಯ ಮೇಲೆ ಸಾಲಾಗಿ ಕೂತು, ಬಿಸಿಲು ಕಾಯಿಸುತ್ತಾ ಕಾಫಿ ಕುಡಿಯುತ್ತಿದ್ದರು. ಥೇಟ್ ನಮ್ಮ ಓಣಿಯ ಹಿರಿಯರು. ಮಗಳು ಅವರ ಬೂಟುಗಳ ನಡುವೆ ತಪ್ಪುಹೆಜ್ಜೆ ಇಡುತ್ತಾ ಓಡಾಡಿದಳು. ಅಷ್ಟರಲ್ಲಿ ಠಾಣೆಯ ಗಂಟೆ ಹೊಡೆದುಕೊಂಡಿತು. ಕಾಫಿ ಕಪ್ಪುಗಳು ಕಟ್ಟೆಯ ಮೇಲೇ ಉಳಿದವು, ಗಾಡಿ ಹೊರಬಂದು ಎಲ್ಲೂ ತಿರುಗದೆ ನೇರ ರಸ್ತೆಗೆ ಹೋಯಿತು. ಆ ಕಪ್ಪುಗಳಿಂದ ಇನ್ನೂ ಹಬೆ ಏಳುತ್ತಿತ್ತು. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಪಟ್ಟದ್ದು ಕಡಿಮೆ.

"ಅಮ್ಮ! ಆರ್ ಯೂ ಲಿಸನಿಂಗ್?"

ಮಗಳು ಎದುರಿಗೆ ನಿಂತಿದ್ದಳು. ಲೋಬಾನ ಆರಿತ್ತು. ಅಳಿಯ ಬ್ಯಾಟರಿಗಳನ್ನು ಒಂದೊಂದಾಗಿ ಮತ್ತೆ ಸಿಕ್ಕಿಸುತ್ತಿದ್ದ.

"ಚಿತ್ರಾನ್ನಕ್ಕೆ ಎಲ್ಲಾ ರೆಡಿ ಅಮ್ಮ. ಲೆಮನ್ಸ್ ತರೋದೇ ಮರೆತುಬಿಟ್ಟಿದೀವಿ. ಹಿ ಹ್ಯಾಸ್ ಟು ಗೋ ಟು ದ ಗ್ರೋಸರಿ ನೌ."

ನಾನು ತೆರೆದಿದ್ದ ಬಾಗಿಲಿನ ಕಡೆ ನೋಡಿದೆ. ಚಳಿಗಾಲದ ಬಿಸಿಲು ಹೊಸ್ತಿಲು ದಾಟಿ ನಡುಮನೆಯ ಅರ್ಧದವರೆಗೆ ಬಂದು ಕೂತಿತ್ತು. ಪರ್ಸು ತೆಗೆದು ನಿಂಬೆಹಣ್ಣನ್ನು ಅವಳ ಕೈಗಿಟ್ಟೆ.

ಅವಳು ಹಣ್ಣನ್ನೂ ನನ್ನನ್ನೂ ನೋಡಿದಳು. "ಪರ್ಸಲ್ಲಿ ನಿಂಬೆಹಣ್ಣು ಯಾಕೆ ಇಟ್ಕೊಂಡಿದೀಯ?"

"ಚಿತ್ರಾನ್ನಕ್ಕೆ ಬೇಕಾಗುತ್ತೆ ಅಂತ" ಎಂದೆ. "ಹೋಗು, ಹಿಂಡು. ಬೀಜ ಬೀಳದ ಹಾಗೆ ನೋಡ್ಕೋ."