ಮೆಲ್ಲಗೆ ಇಳಿಸಲು ಒಪ್ಪದ ಮಾವ

ಅಫಜಲಪುರದ ನಮ್ಮ ಜಿಮ್ಮಿನಲ್ಲಿ ಇಂದು ಬೆಳಿಗ್ಗೆ ಎರಡು ಟೈಲ್ಸ್ ಒಡೆದಿವೆ, ಗೆಳೆಯರೇ. ಕೋಚ್ ಫೋನ್ ಮಾಡಿ ತಿಳಿಸಿದರು: "ಐದು ಕೆಜಿ ಕೊಟ್ಟಿದ್ದೆ. ನಿಮ್ಮ ಮಾವ ಇಪ್ಪತ್ತರ ಡಂಬೆಲ್ಸ್ ಎತ್ತಿ ಹೆಗಲ ಮ್ಯಾಲಿಂದ ಹಿಂದಕ್ಕ ಒಗದಾರ್ರಿ."

ನನ್ನ ಸೋದರಮಾವ ರೈತರು, ವಯಸ್ಸು ಐವತ್ತೆಂಟು. ಹರೆಯದಲ್ಲಿ ಹನುಮಪ್ಪನ ಗುಡಿಯ ಮುಂದೆ ಗುಂಡುಕಲ್ಲು ಎತ್ತುತ್ತಿದ್ದರು. ಅಲ್ಲಿಯ ರೂಢಿಯಂತೆ ಕಲ್ಲನ್ನು ಹೆಗಲಿಗೇರಿಸಿ ಹಿಂದಕ್ಕೆ ಎಸೆಯಬೇಕು. ಮೆಲ್ಲಗೆ ಇಳಿಸಿದವನು ಸೋತಂತೆ. ಹೋದ ವರ್ಷ ಬೆನ್ನುನೋವಿನಿಂದ ಎರಡು ತಿಂಗಳು ಹಾಸಿಗೆ ಹಿಡಿದಿದ್ದರು. ಮತ್ತೆ ಹಾಗಾಗಬಾರದೆಂದು ಡಾಕ್ಟರ್ ಹೇಳಿದ ಮೇಲೆ ನಾನೇ ಜಿಮ್ಮಿಗೆ ಸೇರಿಸಿದ್ದೆ.

ನಾನು ಹೋದಾಗ ಮಾವ ಸೊಂಟದ ಮೇಲೆ ಕೈಯಿಟ್ಟು ಕುಳಿತಿದ್ದರು.

"ಐದು ಕೆಜಿ ಎತ್ತಿದ್ರ ಮಂದಿ ನಗಂಗಿಲ್ಲೇನೋ?"

ಕೋಚ್ ನಕ್ಕರು. "ನಕ್ಕ ಮಂದಿ ನಿಮ್ಮನ್ನ ಹೊತ್ಕೊಂಡು ದವಾಖಾನಿಗಿ ಒಯ್ಯಂಗಿಲ್ರಿ ಕಾಕಾ. ಮೂರು ಎಣಿಸ್ಕೋತ ಮೆಲ್ಲಕ ಇಳಸ್ರಿ."

ಮಾವ ಐದು ಕೆಜಿಯನ್ನೇ ಎತ್ತಿದರು. ಇಳಿಸುವಾಗ ಎರಡು ಎಣಿಸುವಷ್ಟರಲ್ಲೇ ಕೈ ಸೋತು ಕೆಳಗೆ ಬಂತು. ಯಾರೂ ನಗಲಿಲ್ಲ.

"ಎತ್ತೂದಕ್ಕಿಂತ ಇಳಸೂದೇ ತ್ರಾಸ ಅದಲೋ," ಎಂದರು.

ನಾಡಿದ್ದು ಬೆಳಿಗ್ಗೆ ಆರಕ್ಕೆ ಮತ್ತೆ ಐದು ಕೆಜಿ.