ನಿಶ್ಮಿತಾಳ ಗುರಿ ನಲವತ್ತೆರಡು

2024ರ ಏಪ್ರಿಲ್‌ನಲ್ಲಿ ನಾನು ಡೊಂಬಿವಲಿ ಪೂರ್ವದ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಕ್ಲಾಸ್ ಟೀಚರ್ ಕೂಡ ಆಗಿದ್ದೆ. ವರ್ಷವರ್ಷವೂ ನವೀಕರಣಕ್ಕೆ ಕಾಯಬೇಕಾದ ಗುತ್ತಿಗೆಯ ಕೆಲಸ. ಶಾಲೆಯ ಸಿಬ್ಬಂದಿಯಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಆದ್ದರಿಂದ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಉಡುಪಿ ಕಡೆಯ ಪೋಷಕರು ಬಂದಾಗಲೆಲ್ಲ ಪ್ರಿನ್ಸಿಪಾಲರ ಕ್ಯಾಬಿನ್ನಿಗೆ ನನಗೆ ಕರೆ ಬರುತ್ತಿತ್ತು. ಇಂಗ್ಲಿಷಿನಲ್ಲಿ ಅಚ್ಚಾದ ಪ್ರಗತಿಪತ್ರವನ್ನು ಅವರಿಗೆ ತಿಳಿಯುವಂತೆ ಹೇಳಬೇಕು. ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಎಂಬುದು ಮಾತ್ರ ನನ್ನ ಕೈಯಲ್ಲಿರಲಿಲ್ಲ.

ನಮ್ಮ ಪ್ರಗತಿಪತ್ರದಲ್ಲಿ ಎರಡು ಸಂಖ್ಯೆಗಳು ಅಕ್ಕಪಕ್ಕ ಇರುತ್ತವೆ. ಒಂದು ಟಾರ್ಗೆಟ್, ಅಂದರೆ ವಿದ್ಯಾರ್ಥಿ ತಲುಪಬೇಕಾದ ಶೇಕಡಾವಾರು ಅಂಕ. ಇನ್ನೊಂದು ನಿಜವಾಗಿ ಪಡೆದ ಅಂಕ. ಪಡೆದದ್ದು ಟಾರ್ಗೆಟ್ ದಾಟಿದರೆ ಚೌಕ ಹಸಿರು, ಇಲ್ಲವಾದರೆ ಕೆಂಪು. ಈ ಟಾರ್ಗೆಟ್ ಅನ್ನು ಶಿಕ್ಷಕರು ಇಡುವುದಿಲ್ಲ. ಮಗು ಶಾಲೆಗೆ ಸೇರಿದ ಮೊದಲ ವಾರ ಬೇಸ್‌ಲೈನ್ ಟೆಸ್ಟ್ ಎಂಬ ಒಂದು ಪರೀಕ್ಷೆ ನಡೆಯುತ್ತದೆ. ಅದರ ಅಂಕಕ್ಕೆ ಸಾಫ್ಟ್‌ವೇರ್ ವರ್ಷವರ್ಷ ಒಂದಿಷ್ಟು ಸೇರಿಸುತ್ತ ಹೋಗುತ್ತದೆ. ಆ ಮೊದಲ ಅಂಕ ಸರಿಯಿತ್ತೇ ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ನನ್ನ ತರಗತಿಯ ನಿಶ್ಮಿತಾ ಐದನೆಯ ತರಗತಿಯವರೆಗೆ ಬ್ರಹ್ಮಾವರದ ಹತ್ತಿರ, ಕನ್ನಡ ಶಾಲೆಯಲ್ಲಿ ಓದಿದವಳು. ಆರನೆಯದಕ್ಕೆ ನಮ್ಮಲ್ಲಿಗೆ ಬಂದಳು. ಬಂದ ವಾರವೇ ಬೇಸ್‌ಲೈನ್ ಟೆಸ್ಟ್. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ, ಮಗು ಓದಲಾರದೆ ಬಹುಪಾಲು ಖಾಲಿ ಬಿಟ್ಟಿತು. ಅಂದಿನಿಂದ ಅವಳ ಗುರಿ ನೆಲಕ್ಕಂಟಿತು. ಒಂಬತ್ತನೆಯದರಲ್ಲಿ ಅದು ನಲವತ್ತೆರಡು. ಪಡೆದದ್ದು ನಲವತ್ತಾರು. ಚೌಕ ಹಸಿರು. ಅದೇ ತರಗತಿಯಲ್ಲಿ ಎಂಬತ್ತೈದರ ಗುರಿಯಿದ್ದು ಎಂಬತ್ತು ಪಡೆದ ಹುಡುಗನ ಚೌಕ ಕೆಂಪಾಗಿತ್ತು, ಅವನ ತಾಯಿ ಕಾರಿಡಾರಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ನಿಶ್ಮಿತಾಳ ತಂದೆ ಸುಧಾಕರಣ್ಣ ಠಾಣೆಯ ಹೋಟೆಲೊಂದರಲ್ಲಿ ಕ್ಯಾಪ್ಟನ್. ಗಿರಾಕಿಗಳ ಆರ್ಡರ್ ಪಡೆದು ವೇಟರುಗಳನ್ನು ನಡೆಸುವವರು. ಆ ಕೆಲಸಕ್ಕೆ ಬೇಕಾದಷ್ಟೇ ಹಿಂದಿ ಬರುತ್ತಿತ್ತು, ಇಂಗ್ಲಿಷ್ ಓದಲು ಬಾರದು. ಕೆಲಸ ಬಿಟ್ಟು ಶಾಲೆಗೆ ಬರಲಾಗದ್ದರಿಂದ ಪ್ರತಿ ಸಲ ಪ್ರಗತಿಪತ್ರವನ್ನು ಅವರಿಗೆ ಓದಿ ಹೇಳುತ್ತಿದ್ದವಳು ಮಗಳೇ. ಹಸಿರು ಬಂತೆಂದರೆ ಹೋಟೆಲಿನವರಿಗೆಲ್ಲ ಪೇಢೆ ಹಂಚಿ, ಹೆಮ್ಮೆಯಿಂದ ಸಹಿ ಹಾಕುತ್ತಿದ್ದರು. ಆ ಏಪ್ರಿಲ್‌ನಲ್ಲಿ ಪ್ರಿನ್ಸಿಪಾಲರು ಕರೆದಿದ್ದಾರೆಂದಾಗಲೂ ಮಗಳನ್ನು ಹೊಗಳಲು ಕರೆದಿರಬೇಕೆಂದುಕೊಂಡು, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಪೇಢೆಯ ಪೆಟ್ಟಿಗೆ ಹಿಡಿದೇ ಬಂದರು.

ಕರೆದ ಕಾರಣ ಬೇರೆ. ಐವತ್ತರೊಳಗೆ ಗುರಿ ಇರುವ ಮಕ್ಕಳನ್ನು ಹತ್ತನೆಯದಕ್ಕೆ ಕೂರಿಸಿದರೆ ಶಾಲೆಯ ಎಸ್‌ಎಸ್‌ಸಿ ಬೋರ್ಡ್ ಪರೀಕ್ಷೆಯ ಫಲಿತಾಂಶ ಕುಸಿಯುತ್ತದೆಂಬುದು ಆಡಳಿತದ ಲೆಕ್ಕ. ಒಂಬತ್ತನೆಯದನ್ನು ಪಾಸಾದವರನ್ನು ನೇರವಾಗಿ ಹೊರಹಾಕುವಂತಿಲ್ಲ. ಆದ್ದರಿಂದ ಶಾಲೆ ಬಿಟ್ಟು ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಸುತ್ತೇವೆ, ಇದು ನಮ್ಮದೇ ಇಚ್ಛೆ ಎಂದು ಪೋಷಕರಿಂದ ಬರೆಸಿಕೊಳ್ಳುವುದು ರೂಢಿ. ಅಂಥವರ ಫಲಿತಾಂಶ ಶಾಲೆಯ ಖಾತೆಗೆ ಸೇರುವುದಿಲ್ಲ. ಕೊಠಡಿ, ಪ್ರಯೋಗಾಲಯ, ಶಿಕ್ಷಕರು ಯಾವುದೂ ಆ ಮಗುವಿಗಿಲ್ಲ.

ಕ್ಯಾಬಿನ್ನಿನಲ್ಲಿ ಪ್ರಿನ್ಸಿಪಾಲರ ಮೇಜಿನ ಪಕ್ಕಕ್ಕೆ ನನ್ನ ಕುರ್ಚಿ. ಎದುರಿಗೆ ಸುಧಾಕರಣ್ಣ, ಹಿಂದೆ ಗೋಡೆಗೊರಗಿ ನಿಂತ ನಿಶ್ಮಿತಾ. ಪ್ರಿನ್ಸಿಪಾಲರು ಹಿಂದಿಯಲ್ಲಿ, ಹುಡುಗಿಯ ಮೇಲಿನ ಒತ್ತಡ ತಗ್ಗಿಸುವುದೇ ನಮ್ಮ ಉದ್ದೇಶವೆಂದು ಹೇಳಿ, ನನ್ನತ್ತ ತಿರುಗಿ ಮೆಲ್ಲನೆ ತಿಳಿಸಿ ಹೇಳಿ ಎಂದರು. ನನ್ನ ನವೀಕರಣದ ಕಡತ ಅದೇ ಮೇಜಿನ ಮೇಲಿತ್ತು. ಲೋಕಲ್ ಗಾಡಿಯ ಬಾಗಿಲಲ್ಲಿ ಸಿಕ್ಕಿಕೊಂಡವಳಂತೆ ನನಗೆ ಒಳಕ್ಕೂ ದಾರಿಯಿರಲಿಲ್ಲ, ಹೊರಕ್ಕೂ ಇರಲಿಲ್ಲ. ಮಗಳನ್ನು ಶಾಲೆ ಬಿಡಿಸಿ ಖಾಸಗಿಯಾಗಿ ಪರೀಕ್ಷೆ ಬರೆಸಲು ಸಮ್ಮತಿಯ ಹಾಳೆಗೆ ಸಹಿ ಹಾಕಬೇಕಂತೆ ಎಂದು, ಹೇಳಬೇಕಾದಷ್ಟನ್ನು ಹೇಳಿದೆ.

ಸುಧಾಕರಣ್ಣ ಪೇಢೆಯ ಪೆಟ್ಟಿಗೆಯನ್ನು ಮೇಜಿನಿಂದ ಮೆಲ್ಲನೆ ತೊಡೆಯ ಮೇಲೆ ಇಳಿಸಿಕೊಂಡರು.

"ಗುರಿ ಮುಟ್ಟಿದ್ದಾಳೆ ಅಂತ ನೀವೇ ಬರ್ದದ್ದಲ್ವಾ ಟೀಚರ್? ಮುಟ್ಟಿದವಳನ್ನು ಹೊರಗೆ ಹಾಕುದು ಎಂತಕ್ಕೆ?"

ಮಾತು ತಿಳಿಯದಿದ್ದರೂ ದನಿಯಿಂದಲೇ ಆಕ್ಷೇಪವನ್ನು ಊಹಿಸಿದ ಪ್ರಿನ್ಸಿಪಾಲರ ಬಳಿ ಇದಕ್ಕೆ ಉತ್ತರ ಸಿದ್ಧವಿತ್ತು. ಪ್ರತಿ ಟರ್ಮಿನ ಪ್ರಗತಿಪತ್ರಕ್ಕೂ ನೀವು ಸಹಿ ಹಾಕಿದ್ದೀರಿ, ಅಂದರೆ ಈ ಗುರಿಯನ್ನು ಒಪ್ಪಿದ್ದೀರಿ ಎಂದರು. ತಿಳಿಯದ ಭಾಷೆಯಲ್ಲಿ ಅಚ್ಚು ಹಾಕಿ, ಹಸಿರು ಬಣ್ಣ ಬಳಿದು, ಸಹಿ ಪಡೆದು, ಆ ಸಹಿಯಿಂದಲೇ ಬಾಗಿಲು ಮುಚ್ಚುವುದು. ಅದನ್ನೂ ನಾನೇ ಕನ್ನಡದಲ್ಲಿ ಹೇಳಬೇಕಿತ್ತು.

ಅಷ್ಟನ್ನೇ ಹೇಳಿ ಸುಮ್ಮನಾಗಲು ನನ್ನಿಂದಾಗಲಿಲ್ಲ. ಗುರಿ ಎಲ್ಲಿಂದ ಬಂತು, ಮೊದಲ ವಾರದ ಪರೀಕ್ಷೆ ಎಂಥದು, ಹಸಿರು ಎಂದರೆ ಚೆನ್ನಾಗಿ ಓದುತ್ತಾಳೆಂದಲ್ಲ, ಶಾಲೆ ಅವಳಿಂದ ನಿರೀಕ್ಷಿಸಿದ್ದೇ ಅಷ್ಟು ಎಂದು ಬಿಡಿಸಿ ಹೇಳಿದೆ. ಸಹಿ ಹಾಕುವ ಕಟ್ಟುಪಾಡು ನಿಮಗಿಲ್ಲ ಎಂದೂ ಹೇಳಿದೆ.

ಅವರು ಹಿಂದಕ್ಕೆ ತಿರುಗಿ ಮಗಳನ್ನು ಕೇಳಿದರು. "ನಿಂಗೆ ಇದು ಗೊತ್ತುಂಟಾ?"

"ಗ್ರೀನ್ ಮತ್ಲಬ್ ಅಚ್ಛಾ, ಅಷ್ಟೇ ಗೊತ್ತಿದ್ದದ್ದು ಪಪ್ಪಾ."

ಸುಧಾಕರಣ್ಣ ಸಮ್ಮತಿಯ ಹಾಳೆಯನ್ನು ಮುಟ್ಟದೆ ಎದ್ದರು. ಅವರು ಹೋದ ಮೇಲೆ ಪ್ರಿನ್ಸಿಪಾಲರು ನನ್ನನ್ನು ಕೇಳಿದ್ದು ಒಂದೇ ಮಾತು, ಅವರಿಗೆ ನೀವು ಏನು ಹೇಳಿದಿರಿ ಎಂದು. "ಮೇಡಂ, ಆಪ್‌ನೇ ಉನ್ಕೋ ಕ್ಯಾ ಬತಾಯಾ?" ರಿಪೋರ್ಟಿನಲ್ಲಿ ಇದ್ದದ್ದನ್ನೇ ಹೇಳಿದೆ ಸರ್, ಎಂದೆ.

ನಿಶ್ಮಿತಾ ಹತ್ತನೆಯ ತರಗತಿಯಲ್ಲಿ ಕುಳಿತಳು. ನನ್ನ ಗುತ್ತಿಗೆ ನವೀಕರಣವಾಯಿತು. ಆದರೆ ಪ್ರೌಢ ತರಗತಿಗಳಿಂದ ತೆಗೆದು ಆರನೆಯದಕ್ಕೆ ಹಾಕಿದರು. ಹೊಸ ಮಕ್ಕಳ ಬೇಸ್‌ಲೈನ್ ಟೆಸ್ಟ್ ನಡೆಸುವ ಹೊಣೆಯೂ ನನ್ನದೇ ಆಯಿತು. ಇದಕ್ಕಿಂತ ಹೊಂದುವ ಶಿಕ್ಷೆ ಅವರಿಗೆ ಹೊಳೆಯುವುದು ಸಾಧ್ಯವಿರಲಿಲ್ಲ. ಕನ್ನಡ, ಮರಾಠಿ ಶಾಲೆಗಳಿಂದ ಬಂದವರಿಗೆ ಒಂದು ಟರ್ಮ್ ಕಳೆದ ಮೇಲೆ ಮರುಪರೀಕ್ಷೆ ಬೇಕೆಂದು ಬರೆದುಕೊಟ್ಟೆ. ಸಾಫ್ಟ್‌ವೇರಿನಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬಂತು. ಯಂತ್ರದ ಹಿಂದೆ ಅಡಗುವ ಮನುಷ್ಯರಿಗೆ ನಾಚಿಕೆಯಾಗುವುದಿಲ್ಲ.

ದೀಪಾವಳಿ ರಜೆ ಮುಗಿದ ಮೇಲೆ ಪ್ರಿನ್ಸಿಪಾಲರು ಮತ್ತೆ ಕರೆಸಿದರು. ಮೇಜಿನ ಮೇಲೆ ನಿಶ್ಮಿತಾಳ ಹತ್ತನೆಯ ತರಗತಿಯ ಮೊದಲ ಪ್ರಗತಿಪತ್ರ. ಗುರಿ ನಲವತ್ತನಾಲ್ಕು, ಪಡೆದದ್ದು ಅರವತ್ತೊಂದು, ಚೌಕ ಅದೇ ಹಸಿರು. ಕೆಳಗೆ ಪೋಷಕರ ಸಹಿಯ ಜಾಗದಲ್ಲಿ ದುಂಡನೆಯ ಕನ್ನಡ ಅಕ್ಷರಗಳ ಒಂದು ಸಾಲು. ಅದೇನೆಂದು ಕಚೇರಿಯಲ್ಲಿ ಯಾರಿಗೂ ಓದಲಾಗಿರಲಿಲ್ಲ.

ಗುರಿಯನ್ನು ಯಾರು ಇಟ್ಟರು, ಯಾವಾಗ, ಯಾವ ಆಧಾರದ ಮೇಲೆ ಎಂದು ಹೇಳದೆ ಪಡೆದ ಸಹಿ ಒಪ್ಪಿಗೆಯಲ್ಲ. ಈ ಕೆಲಸ ನನಗೆ ಕಲಿಸಿದ್ದು ಅಷ್ಟು. ಶಾಲೆಯ ಮಾತನ್ನು ಪೋಷಕರಿಗೆ ದಾಟಿಸಲೆಂದೇ ನನ್ನನ್ನು ಕರೆಯುತ್ತಿದ್ದರು. ಪೋಷಕರೊಬ್ಬರ ಮಾತನ್ನು ಶಾಲೆಗೆ ದಾಟಿಸಲು ಕರೆದದ್ದು ಅದೇ ಮೊದಲು. ಓದಿ, ಹಿಂದಿಯಲ್ಲಿ ಹೇಳಿದೆ:

"ಅಂಕ ನೋಡಿದ್ದೇನೆ. ಗುರಿ ನಾವು ಇಟ್ಟದ್ದಲ್ಲ, ಅದಕ್ಕೆ ನನ್ನ ಸಹಿ ಇಲ್ಲ."