ಫೋನಿನ ಹಣೆಗೊಂದು ಟಿಕಳಿ

ಮೊನ್ನೆ ಮೊನ್ನೆಯವರೆಗೆ ನನ್ನ ಮೊಬೈಲ್ ಫೋನಿನ ಹಣೆಯ ಮೇಲೆ ಒಂದು ಕೆಂಪು ಟಿಕಳಿ ಇತ್ತು. ಫೋನಿಗೂ ಹಣೆಯೇ ಎಂದು ನೀವು ಹುಬ್ಬೇರಿಸಬಹುದು. ಪರದೆಯ ಮೇಲ್ತುದಿಯಲ್ಲಿ, ನಮ್ಮನ್ನು ನಾವೇ ನೋಡಿ ಮೆಚ್ಚಿಕೊಳ್ಳಲೆಂದು ಒಂದು ಸಣ್ಣ ಕ್ಯಾಮೆರಾ ಕಣ್ಣು ಇರುತ್ತದಲ್ಲ, ಸರಿಯಾಗಿ ಅದರ ಮೇಲೆ, ನನ್ನ ಹೆಂಡತಿ ಸರೋಜಾಳ ಪಾಕೀಟಿನಿಂದ ಅವಳ ಅನುಮತಿ ಇಲ್ಲದೆ ತೆಗೆದ ಅತಿ ಸಣ್ಣ ಟಿಕಳಿಯೊಂದನ್ನು ಅಂಟಿಸಿದ್ದೆ. ವಾರಕ್ಕೊಮ್ಮೆ ಅಂಟು ಬಿಟ್ಟು ಅದು ಅಂಗಿಯ ಜೇಬಿನೊಳಗೆ ಉದುರುತ್ತಿತ್ತು; ಆಗ ಹೊಸದು. ನಿವೃತ್ತ ಕನ್ನಡ ಮಾಸ್ತರನೊಬ್ಬನ ಜೇಬಿನಿಂದ ಟಿಕಳಿಗಳು ಹೊರಬೀಳುವುದು ಸಂಸಾರದಲ್ಲಿ ಎಂಥ ವಿಚಾರಣೆಗೆ ಎಡೆಮಾಡಿಕೊಡುತ್ತದೆ ಎಂಬುದನ್ನು ನಾನು ವಿವರಿಸಬೇಕಿಲ್ಲ. ಸರೋಜಾ ಮೊದಲು ಸಿಟ್ಟಾದಳು, ಆಮೇಲೆ ನಕ್ಕಳು, ಕೊನೆಗೆ ಬಜಾರಕ್ಕೆ ಹೋದಾಗಲೆಲ್ಲ "ನಿಮ್ಮ ಫೋನಿಗೂ ಸೇರಿಸಿ ಎರಡು ಪಾಕೀಟು ತಂದೇನಿ ನೋಡ್ರಿ" ಎನ್ನುವ ಹಂತಕ್ಕೆ ಬಂದಳು.

ಈ ಅರವತ್ತೆಂಟರ ಮುಖವನ್ನು ಕದ್ದು ನೋಡಿ ಯಾವ ಕಂಪನಿ ಏನು ಉದ್ಧಾರವಾದೀತು ಎಂಬ ಪ್ರಶ್ನೆ ನನಗೂ ಹೊಳೆಯದೆ ಇಲ್ಲ. ಆದರೆ ಒಂದು ದಿನ ಊಟಕ್ಕೆ ಕುಳಿತಾಗ ಮೊಣಕಾಲು ನೋವೆಂದು ಹೆಂಡತಿಯ ಮುಂದೆ ನರಳಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ಫೋನಿನ ತುಂಬ ಮೊಣಕಾಲಿನ ಎಣ್ಣೆ, ಮೊಣಕಾಲಿನ ಪಟ್ಟಿ, ಮೊಣಕಾಲನ್ನೇ ಬದಲಿಸಿಕೊಡುವ ಆಸ್ಪತ್ರೆ. ನಲವತ್ತು ವರ್ಷ ಸಂಸಾರ ಮಾಡಿದವಳು "ಹೂಂ" ಎಂದು ಸಾರು ಬಡಿಸಿದ್ದಳು; ಫೋನು ಮಾತ್ರ ಅಷ್ಟು ಕಾಳಜಿಯಿಂದ ಕೇಳಿಸಿಕೊಂಡಿತ್ತು. ಆ ಕಾಳಜಿಯೇ ನನ್ನನ್ನು ಹೆದರಿಸಿತು. ಕಿವಿಯನ್ನು ಮುಚ್ಚುವ ಉಪಾಯ ತಿಳಿಯದೆ ಕಣ್ಣನ್ನಾದರೂ ಮುಚ್ಚಿದೆ.

ಅಂದಿನಿಂದ ನಾನು ಹಾವೇರಿಯ ನಮ್ಮ ಓಣಿಯ ಪ್ರಮಾಣಿತ ಸಂಶಯಾತ್ಮನಾದೆ. ಈ ಸಂಶಯವೂ ಒಂದು ದುಡಿಮೆಯೇ, ರಜೆಯಿಲ್ಲದ ನೌಕರಿ. ರಾಣೆಬೆನ್ನೂರಿನ ಬಟ್ಟೆಯಂಗಡಿಯಲ್ಲಿ ಒಂದು ಬನಿಯನ್ ಕೊಂಡರೆ ಮೊಬೈಲ್ ನಂಬರ್, ಹುಟ್ಟಿದ ದಿನ ಹೇಳಿ ಎನ್ನುತ್ತಾರೆ. ಬನಿಯನ್ನಿಗೂ ನಂಬರಿಗೂ ಏನು ಸಂಬಂಧ ಎಂದು ವಾದಿಸಿದರೆ ಹಿಂದಿನ ಸಾಲು ಗೊಣಗುತ್ತದೆ. ಆದ್ದರಿಂದ ನಾನು ಕೊನೆಯ ಅಂಕಿಯನ್ನು ಬದಲಿಸಿ ಹೇಳುತ್ತೇನೆ. ಪರಿಣಾಮವಾಗಿ ನನ್ನ ಜನ್ಮದಿನದಂದು ಕುಪ್ಪೇಲೂರಿನಲ್ಲೋ ಇನ್ನೆಲ್ಲೋ ಇರುವ ಒಬ್ಬ ನಿರಪರಾಧಿಗೆ ಬನಿಯನ್ ಅಂಗಡಿಯವರ ಹೃತ್ಪೂರ್ವಕ ಶುಭಾಶಯ ತಲುಪುತ್ತಿರಬೇಕು. ಓಣಿಯ ತುದಿಯ ಕಂಬಕ್ಕೆ ಕ್ಯಾಮೆರಾ ಬಂದಾಗಿನಿಂದ ನಾನು ಆ ಕಂಬದ ಕೆಳಗೆ ಮೂಗು ಒರೆಸಿಕೊಳ್ಳುವುದನ್ನೂ ಬಿಟ್ಟಿದ್ದೇನೆ. ಮನೆಮನೆಯ ಮಾಹಿತಿಗೆಂದು ಬಂದ ಹೆಣ್ಣುಮಗಳೊಬ್ಬಳು ಕೋಣೆ ಎಷ್ಟು, ಫ್ಯಾನು ಎಷ್ಟು ಎಂದು ಬರೆದುಕೊಂಡಾಗ ಇದೆಲ್ಲ ಯಾತಕ್ಕೆ ತಾಯಿ ಎಂದು ಕೇಳಿದೆ. ಬಿಸಿಲಿನಲ್ಲಿ ಸೋತ ಮುಖವನ್ನು ಸೆರಗಿನಿಂದ ಒರೆಸಿಕೊಂಡು ಆಕೆ, "ನನಗೇನ್ ಗೊತ್ರಿ ಅಜ್ಜಾರ, ಮ್ಯಾಲಿಂದ ಬಂದೈತಿ" ಎಂದಳು. ಪಾಪ, ಅವಳಿಗೆ ಮಜ್ಜಿಗೆ ಕೊಟ್ಟು, ಫ್ಯಾನುಗಳ ಲೆಕ್ಕವನ್ನೂ ಕೊಟ್ಟೆ.

ಹಿಂದೆ ನಮ್ಮನ್ನು ಯಾರೂ ನೋಡುತ್ತಿರಲಿಲ್ಲವೇ? ನನ್ನ ತಾಯಿಯ ತವರು ಮೋಟೆಬೆನ್ನೂರಿನಲ್ಲಿ, ಹೈಸ್ಕೂಲಿನ ದಿನಗಳಲ್ಲಿ, ಕಣದ ಬಣವೆಯ ಹಿಂದೆ ಜೀವನದ ಮೊದಲ ಬೀಡಿ ಹಚ್ಚಿ, ಕೆಮ್ಮಿ, ಕಣ್ಣೊರೆಸಿಕೊಂಡು ಮನೆಗೆ ಬರುವುದರೊಳಗೆ ಸುದ್ದಿ ನನಗಿಂತ ಮುಂಚೆ ಬಂದು ಪಡಸಾಲೆಯಲ್ಲಿ ಕುಳಿತಿತ್ತು. ಅದೇನೂ ಸುಖದ ಕಾಲವಲ್ಲ. ಆದರೆ ನೋಡಿ ಸುದ್ದಿ ಮುಟ್ಟಿಸಿದ ಪಕ್ಕದ ಮನೆಯ ನೀಲವ್ವತ್ತೆಯ ಮುಖ ನನಗೂ ಗೊತ್ತಿತ್ತು, ಅವಳು ತಂಬಾಕು ಮೆಲ್ಲುವುದನ್ನು ನಾನೂ ನೋಡಿದ್ದೆ, ಬೇಕಾದರೆ ಜಗಳಾಡಬಹುದಿತ್ತು. ಈಗಿನ ನೀಲವ್ವತ್ತೆ ಎಲ್ಲಿ ಕುಳಿತಿದ್ದಾಳೆಂಬುದೇ ತಿಳಿಯದು. ಜಗಳಕ್ಕೆ ಆಸ್ಪದವಿಲ್ಲದ ಕಡೆ ಮನುಷ್ಯನಿಗೆ ಬೇಗ ದಣಿವಾಗುತ್ತದೆ.

ಹೀಗೆ ದಣಿದ ಒಂದು ಮಧ್ಯಾಹ್ನವೇ ಗಂಗವ್ವ ಆ ಹಾಳೆಗಳನ್ನು ಹಿಡಿದು ಬಂದದ್ದು.

ಗಂಗವ್ವ ಮೋಟೆಬೆನ್ನೂರಿನಲ್ಲಿ ನಮ್ಮ ತಾಯಿಯ ಓಣಿಯವಳು, ನನಗಿಂತ ನಾಲ್ಕಾರು ವರ್ಷ ಚಿಕ್ಕವಳು. ದಿನವೂ ಬೆಳಿಗ್ಗೆ ಟೆಂಪೊ ಹಿಡಿದು ಬ್ಯಾಡಗಿಗೆ ಹೋಗಿ, ಒಂದು ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ. ಅವಳಿಗೆ ತನ್ನ ಹೆಸರು ಬರೆಯುವಷ್ಟು ಅಕ್ಷರ ಬರುತ್ತದೆ. ಉಳಿದ ಅಕ್ಷರಗಳಿಗೆ ನಾನಿದ್ದೇನೆಂಬ ಭರವಸೆ. ನಮ್ಮ ಕಡೆ ಓದು ಬಾರದವರ ಕಾಗದಗಳ ಕೊನೆಯಲ್ಲಿ ಒಂದು ಸಾಲು ಇರುತ್ತದೆ: 'ಓದಿ, ತಿಳಿಯಹೇಳಿದವರು.' ಓದಿ ಹೇಳಿದವನು ಅದರ ಮುಂದೆ ಸಹಿ ಹಾಕಬೇಕು. ಮೂವತ್ತು ವರ್ಷಗಳಿಂದ ಗಂಗವ್ವನ ಕಾಗದಗಳಲ್ಲಿ ಆ ಸಹಿ ನನ್ನದು, ಮತ್ತು ಹೇಳಿಕೊಳ್ಳಲು ಸಂಕೋಚವಿಲ್ಲ, ಬಹಳ ಸುಂದರವಾದ ಸಹಿ.

ಅಂದು ಬಂದದ್ದು ಮೂರು ಹಾಳೆ, ಇರುವೆ ಸಾಲಿನಂಥ ಅಕ್ಷರ. ಗೋದಾಮನ್ನು ಹೊಸ ಕಂಪನಿಯೊಂದು ಕೊಂಡಿತ್ತು. ಹಾಜರಿಗೆ ಮುಖ ನೋಡುವ ಯಂತ್ರ ತರುತ್ತಾರಂತೆ. ಅದಕ್ಕೆ ಒಪ್ಪಿಗೆ ಬೇಕಂತೆ. ನನಗೆ ಊಟದ ನಂತರದ ಜೋಂಪು. ಮೊದಲ ಹಾಳೆಯ ಅರ್ಧಕ್ಕೆ ಬರುವಷ್ಟರಲ್ಲಿ, ಒಪ್ಪದಿದ್ದರೆ ಇವಳಿಗೇನು ಬೇರೆ ದಾರಿಯಿದೆ ಎಂಬ ವೈರಾಗ್ಯ ಆವರಿಸಿತು. "ಎಲ್ಲಾ ಕಡೆ ಇದ ಇರತೈತಿ ಗಂಗವ್ವ, ಯಾರೂ ಓದೂದಿಲ್ಲ. ಹಾಕು ಸಹಿ" ಎಂದೆ. ಅವಳು ಹಾಕಿದಳು. ಕೆಳಗೆ 'ಓದಿ, ತಿಳಿಯಹೇಳಿದವರು' ಎಂಬಲ್ಲಿ ನಾನೂ ಹಾಕಿದೆ. ತನ್ನ ಫೋನಿನ ಕಣ್ಣಿಗೆ ಟಿಕಳಿ ಹಚ್ಚಿಕೊಂಡು ಕುಳಿತ ಮಹಾ ಸಂಶಯಾತ್ಮನು ಇನ್ನೊಬ್ಬರ ಮುಖವನ್ನು ಎರಡು ನಿಮಿಷದಲ್ಲಿ ಬರೆದುಕೊಟ್ಟು, ಪಕ್ಕಕ್ಕೆ ಹೊರಳಿ ನಿದ್ದೆಹೋದ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಊಟದ ತಾಟಿನ ಮುಂದಿನ ಮಾತು. ಗೋದಾಮಿನ ಧೂಳಿಗೆ ಆ ಸೌಜನ್ಯವಿಲ್ಲ. ಅಲ್ಲಿಗೆ ಹತ್ತೂರಿನ, ಹತ್ತು ಜಾತಿಯ ಕಾಯಿ ಬರುತ್ತದೆ. ಹೆಣ್ಣುಮಕ್ಕಳು ಕಣ್ಣಷ್ಟೇ ಬಿಟ್ಟು ಮುಖವೆಲ್ಲ ಬಟ್ಟೆ ಸುತ್ತಿಕೊಂಡು ದುಡಿಯುತ್ತಾರೆ. ಹಾಜರಿ ಪುಸ್ತಕ ಹಿಡಿದು ಕೆಲಸ ನೋಡಿಕೊಳ್ಳುತ್ತಿದ್ದ ಹಳೆಯ ಮುಕಾದಮ ಬಸಣ್ಣ ಅಷ್ಟೂ ಜನರನ್ನು ಬರೀ ಸೀನಿನಿಂದ ಗುರುತಿಸುತ್ತಿದ್ದನಂತೆ. ಯಾವ ಮೂಲೆಯಿಂದ ಸೀನು ಬಂದರೂ ತಲೆಯೆತ್ತದೆ, "ಗಂಗವ್ವ, ನೀರು ಕುಡದು ಬಾ" ಎನ್ನುತ್ತಿದ್ದ. ಹೊಸ ಯಂತ್ರಕ್ಕೆ ಸೀನಿನ ಜ್ಞಾನವಿರಲಿಲ್ಲ. ಅದು ಬೆಳಿಗ್ಗೆ ಒಳಗೆ ಹೋಗುವಾಗ ಮುಖ ನೋಡುತ್ತಿತ್ತು, ಸಂಜೆ ಹೊರಗೆ ಬರುವಾಗ ಮತ್ತೆ ನೋಡುತ್ತಿತ್ತು. ಗಂಗವ್ವನ ಕಣ್ಣು ಮೊದಲಿನಿಂದಲೂ ಘಾಟಿಗೆ ಬೇಗ ಊದುವಂಥವು. ಉಳಿದವರ ಮುಖ ಎರಡು ಮೂರು ಸಲಕ್ಕಾದರೂ ಹೊಂದುತ್ತಿತ್ತು. ಇವಳ ಸಂಜೆಯ ಮುಖವನ್ನು ಯಂತ್ರ ಒಪ್ಪಲೇ ಇಲ್ಲ.

"ನಾಕ ದಿನಾ ಆತ್ರಿ ಮಾಸ್ತರ," ಎಂದಳು ಮುಂದಿನ ರವಿವಾರ ನಮ್ಮ ಪಡಸಾಲೆಯಲ್ಲಿ ಕುಳಿತು. "ಅದರ ಪ್ರಕಾರ ನಾ ಇನ್ನೂ ಗೋದಾಮಿನ್ಯಾಗ ಅದೇನಂತ. ಹಂಗಾರ ಮನ್ಯಾಗ ರೊಟ್ಟಿ ಬಡಿಯಾಕಿ ಯಾರ್ರಿ?"

ಸರೋಜಾ ನಕ್ಕಳು, ಗಂಗವ್ವನೂ ನಕ್ಕಳು. ಆಮೇಲೆ ಗಂಗವ್ವ ನಗು ನಿಲ್ಲಿಸಿ, ತಿಂಗಳ ಕೊನೆಗೆ ಹಾಜರಿ ಹೊಂದದವರನ್ನು ಕೆಲಸದಿಂದ ತೆಗೆಯುತ್ತಾರಂತೆ ಎಂದಳು. "ಈ ವಯಸ್ಸಿನ್ಯಾಗ ಮತ್ತ ಯಾರು ಕರೀತಾರ್ರಿ ನನ್ನ?"

ಮಾರನೆಯ ಸಂಜೆ ನಾನು ಬ್ಯಾಡಗಿಗೆ ಹೋದೆ. ವ್ಯವಸ್ಥಾಪಕಿ ರಾಣೆಬೆನ್ನೂರಿನವರು, ಮರ್ಯಾದಸ್ಥೆ. ಕುರ್ಚಿ ಕೊಟ್ಟು ಚಹಾ ತರಿಸಿದರು. ನಾನು ತರ್ಕಶಾಸ್ತ್ರವನ್ನು ಹೊರತೆಗೆದೆ: ಊದಿದ ಮುಖದೊಳಗೆ ಊದದ ಮುಖ ಅಡಕವಾಗಿಯೇ ಇರುತ್ತದಷ್ಟೆ, ಆದ್ದರಿಂದ ಯಂತ್ರಕ್ಕೆ ಗಂಗವ್ವನ ಸಂಜೆಯ ಮುಖವನ್ನೇ ಕೊಟ್ಟುಬಿಡಿ, ಬೆಳಗಿನದನ್ನು ಅದೇ ಊಹಿಸಿಕೊಳ್ಳುತ್ತದೆ. ಇಷ್ಟು ಪಾಂಡಿತ್ಯಪೂರ್ಣವಾದ ಅವಿವೇಕವನ್ನು ಅವರು ಮೊದಲು ಕೇಳಿರಲಿಲ್ಲವೋ ಏನೋ, ಒಪ್ಪಿದರು. ಕೆಂಪು ಕಣ್ಣಿನ, ದಪ್ಪ ರೆಪ್ಪೆಯ ಗಂಗವ್ವ ಯಂತ್ರದ ಮುಂದೆ ನಿಂತಳು. ಹಳೆಯ ಮುಖ ಅಳಿಸಿತು, ಹೊಸದು ಸೇರಿತು. ಆಮೇಲೆ ಹಾಜರಿ ಸರಿಯಾಯಿತೆಂದು ಸುದ್ದಿ ಬಂತು. ಒಂದು ತಿಂಗಳು ನಾನು ಓಣಿಯಲ್ಲಿ ಯಂತ್ರವನ್ನು ಗೆದ್ದ ಮನುಷ್ಯನಾಗಿ ತಿರುಗಿದೆ.

ವರ್ಷದ ಮೆಣಸಿನಕಾಯಿ ತರಲೆಂದು ಒಂದು ಮುಂಜಾನೆ ಬ್ಯಾಡಗಿಯಲ್ಲಿ ಇಳಿದವನು, ಆ ಗೆಲುವನ್ನು ಕಣ್ಣಾರೆ ನೋಡಿ ಬರೋಣವೆಂದು ಗೋದಾಮಿನ ಕಡೆ ನಡೆದೆ. ಗೇಟಿನ ಪಕ್ಕದ ಗೋಡೆಗೆ ಮುಖ ಮಾಡಿ ಗಂಗವ್ವ ನಿಂತಿದ್ದಳು. ಕೈಯಲ್ಲಿ ಒಂದು ಒಣ ಮೆಣಸಿನಕಾಯಿ. ಅದನ್ನು ಮುರಿದು, ಬೆರಳಿಗೆ ತಿಕ್ಕಿ, ಆ ಬೆರಳನ್ನು ಎರಡೂ ಕಣ್ಣಿನ ಕೆಳಗೆ ಎಳೆದುಕೊಂಡಳು. ಸ್ವಲ್ಪ ಹೊತ್ತು ಗೋಡೆ ಹಿಡಿದುಕೊಂಡೇ ನಿಂತಳು. ತಿರುಗಿದಾಗ ಕಣ್ಣು ಕೆಂಪಾಗಿ, ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಮುಂಜಾನಿ ಮುಖಾ ಅದಕ್ಕ ಗೊತ್ತಾಗೂದಿಲ್ರಿ ಮಾಸ್ತರ," ಎಂದಳು ನನ್ನನ್ನು ಕಂಡು, ಹಲ್ಲು ತಿಕ್ಕುವ ವಿಷಯ ಹೇಳುವಷ್ಟು ಸಹಜವಾಗಿ. "ಒಂದೀಟು ಹಚ್ಚಿಕೊಂಡ್ರ ಲಗೂ ಗುರ್ತಾ ಹಿಡೀತೈತಿ. ನೀವು ಹೇಳಿದ್ದು ಚೊಲೋ ಆತು."

ನನಗೆ ನಾಚಿಕೆಯಾಯಿತು. ಅದನ್ನು ಇನ್ನೂ ನಯವಾಗಿ ಹೇಳುವ ಭಾಷೆ ನನಗೆ ಬರುತ್ತದೆ, ಆದರೆ ಬೇಡ. ಒಂದು ತಿಂಗಳಿಂದ ಅವಳು ದಿನಕ್ಕೆರಡು ಸಲ ಕಣ್ಣು ಸುಟ್ಟುಕೊಳ್ಳುತ್ತಿದ್ದಳು. ಸಂಜೆಯದು ಕೆಲಸದ್ದು, ಮುಂಜಾನೆಯದು ನನ್ನದು.

ಮೆಣಸಿನಕಾಯಿ ಮರೆತು ನೇರವಾಗಿ ಕಚೇರಿಗೆ ಹೋಗಿ, ಗಂಗವ್ವನ ಒಪ್ಪಿಗೆಯ ಕಾಗದ ತೋರಿಸಿ ಎಂದೆ. ವ್ಯವಸ್ಥಾಪಕಿ ಕಪಾಟಿನಿಂದ ತೆಗೆದುಕೊಟ್ಟರು. ಕೊನೆಯಲ್ಲಿ ನನ್ನ ಸಹಿ, ಬಾಲ ಬಿಟ್ಟುಕೊಂಡು, ಅಂದವಾಗಿ ಕುಳಿತಿತ್ತು. ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದತೊಡಗಿದೆ. ಮುಖದ ಚಿತ್ರವನ್ನು ಕಂಪನಿ ಎಲ್ಲಿ ಇಡುತ್ತದೆ, ಯಾರಿಗೆ ಕೊಡಬಹುದು, ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂದು ಎರಡು ಹಾಳೆ. ಮೂರನೆಯ ಹಾಳೆಯ ಕೆಳಭಾಗದಲ್ಲಿ, ನನ್ನ ಸಹಿಗಿಂತ ನಾಲ್ಕು ಬೆರಳು ಮೇಲೆ ಒಂದು ಸಾಲಿತ್ತು: ಯಾವುದೇ ಕಾರಣಕ್ಕೆ ಮುಖದ ಹಾಜರಿ ಅನುಕೂಲವಾಗದ ಕೆಲಸಗಾರರು ಲಿಖಿತವಾಗಿ ಕೇಳಿಕೊಂಡಲ್ಲಿ ಪುಸ್ತಕದಲ್ಲಿ ಸಹಿ ಮಾಡುವ ಅವಕಾಶ ನೀಡಲಾಗುವುದು.

ಆ ಸಾಲನ್ನು ಅವರ ಮುಂದೆ ಹಿಡಿದೆ. ಅವರು ಎರಡು ಸಲ ಓದಿದರು. "ನಾನೂ ಇದನ್ನ ಓದಿಲ್ರಿ ಸರ," ಎಂದರು ಮೆಲ್ಲಗೆ. "ನನಗೂ ಮ್ಯಾಲಿಂದ ಬಂದೈತಿ. ದಿನಾ ಅದಕ್ಕ ನಾನೂ ಮುಖಾ ತೋರಸ್ತೇನಿ."

ಅಲ್ಲಿಯೇ ಅರ್ಜಿ ಬರೆದೆ. ಮಾಸ್ತರಿಕೆಯ ಜೀವನದಲ್ಲಿ ನಾನು ಬರೆದ ಅತ್ಯಂತ ಚಿಕ್ಕ ಗದ್ಯ ಅದು, ಒಂದೇ ವಾಕ್ಯ, ಒಂದೂ ಸಮಾಸವಿಲ್ಲ. ಗಂಗವ್ವನನ್ನು ಕರೆಸಿ, ಅರ್ಜಿಯನ್ನೂ ಮೂರೂ ಹಾಳೆಗಳನ್ನೂ ಓದಿ ಹೇಳಿದೆ. ಅವಳು ನಡುನಡುವೆ ಮೂಗೆಳೆಯುತ್ತ, ಬಟ್ಟೆಯ ತುದಿಯಿಂದ ಕಣ್ಣೊತ್ತಿಕೊಳ್ಳುತ್ತ ಪೂರ್ತಿ ಕೇಳಿದಳು. ಆಮೇಲೆ ಸಹಿ ಹಾಕಿದಳು. ಮರುದಿನದಿಂದ ಬಸಣ್ಣನ ಹಳೆಯ ಪುಸ್ತಕ ಮತ್ತೆ ತೆರೆಯಬೇಕೆಂದು ವ್ಯವಸ್ಥಾಪಕಿ ಬರೆದುಕೊಟ್ಟರು. ಮೇಲಿನವರು ಮುಂದೆ ಏನು ಮಾಡುತ್ತಾರೋ ತಮಗೆ ತಿಳಿಯದು ಎಂದೂ ಸೇರಿಸಿದರು; ಆ ಪ್ರಾಮಾಣಿಕತೆಗೆ ನಾನು ಕೈಮುಗಿದೆ.

ಕಾಗದದ ನಕಲೊಂದನ್ನು ಗಂಗವ್ವನ ಕೈಗೆ ಕೊಡಿಸಿ, ನನಗೂ ಒಂದಿರಲೆಂದು ಚಿತ್ರ ತೆಗೆಯಲು ಫೋನನ್ನು ಹೊರತೆಗೆದೆ. ಗಂಗವ್ವ ಅದನ್ನು ನೋಡಿದಳು.

"ಇದೇನ್ರಿ, ಫೋನಿಗೆ ಟಿಕಳಿ ಹಚ್ಚೀರಿ?"

ಕಂಪನಿಯವರು ಕದ್ದು ಮುಖ ನೋಡಬಾರದೆಂದು ಹಚ್ಚಿದ್ದೇನೆ ಎಂದೆ. ಹೇಳುತ್ತಿದ್ದಂತೆಯೇ ನನ್ನ ದನಿ ಸಣ್ಣದಾಯಿತು. ಅವಳು ಟಿಕಳಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಚೊಲೋ ಮಾಡೀರಿ," ಎಂದಳು. "ನಿಮ್ಮ ಮುಖಾ ಆದ್ರೂ ಉಳೀತಲ್ಲ."

ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ಅವಳು ತನ್ನ ನಕಲನ್ನು ನನ್ನ ಮುಂದೆ ಹಿಡಿದು, ಆ ಸಾಲು ಎಲ್ಲಿದೆ ತೋರಿಸಿ ಎಂದಳು. ಬೆರಳಿಟ್ಟು ತೋರಿಸಿದೆ. ಉಗುರಿನಿಂದ ನನ್ನ ಫೋನಿನ ಟಿಕಳಿಯನ್ನು ಎಬ್ಬಿಸಿ ತೆಗೆದು, ಆ ಸಾಲಿನ ಮೊದಲಿಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದಳು. "ನಾಳೆ ಯಾರರ ಕೇಳಿದ್ರ, ಎಲ್ಲೈತಿ ಅಂತ ನನಗ ಗೊತ್ತಿರಬೇಕಲ್ರಿ" ಎಂದು ಹಾಳೆಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಒಳಗೆ ಹೋದಳು. ಎರಡು ನಿಮಿಷದಲ್ಲಿ ಒಳಗಿನಿಂದ ಒಂದು ಸೀನು ಕೇಳಿಸಿತು. ಅದು ಯಾರದೆಂದು ನನಗೂ ಗೊತ್ತಾಯಿತು.

ಫೋನಿನ ಹಣೆ ಅಂದಿನಿಂದ ಖಾಲಿಯಿದೆ. ಆ ಸಣ್ಣ ಕಣ್ಣು ನನ್ನನ್ನು ನೋಡುತ್ತಿದ್ದರೆ ನೋಡಲಿ; ನನ್ನ ಸಂಶಯವೇನೂ ಕಡಿಮೆಯಾಗಿಲ್ಲ, ದಣಿವೂ ಕಡಿಮೆಯಾಗಿಲ್ಲ. ಸರೋಜಾ ಎಂದಿನಂತೆ ನಿನ್ನೆಯೂ ಎರಡು ಪಾಕೀಟು ತಂದಳು. ಒಂದನ್ನು ಕನ್ನಡಕದ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಗಂಗವ್ವನ ಜೊತೆಗಾತಿಯರ ಬಳಿಯೂ ಅವೇ ಮೂರು ಹಾಳೆಗಳಿವೆಯಂತೆ. ಬರುವ ರವಿವಾರ ಎಲ್ಲರೂ ಹಿಡಿದುಕೊಂಡು ಬರುತ್ತಾರಂತೆ. ಊಟವಾದ ಮೇಲೆ ಬರಬೇಡಿ, ಮುಂಜಾನೆಯೇ ಬನ್ನಿ ಎಂದು ಹೇಳಿ ಕಳಿಸಿದ್ದೇನೆ.